ಸಣ್ಣ ಕಾರಿನ ಹಿಂದೆ ಟ್ರೇಲರು: ಬಂಡೂರಿಗೆ ಹೊರಡುವ ಮುನ್ನ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿ, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ದಿನಗಳಲ್ಲಿ ನಮ್ಮ ಸಂಘದ ಕೆಲವು ಸದಸ್ಯರು ಬಂಡೂರಿನ ದಾರಿ ಹಿಡಿಯುವುದು ಹಿಂದಿನಿಂದ ಬಂದ ರೂಢಿ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಈ ಊರನ್ನು ನಾಡೆಲ್ಲ ಬಲ್ಲದ್ದು ಅದರ ಕುರಿಯಿಂದ. ಕೆಲವರು ಬನ್ನೂರು ಕುರಿ ಎನ್ನುತ್ತಾರೆ, ಪಶುಸಂಗೋಪನೆಯವರ ಪುಸ್ತಕದಲ್ಲಿ ಅದು ಮಂಡ್ಯ ತಳಿ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗು ಮಾಡಿದ ಲಾಳದಂತೆ ಕಾಣುವ ತೊಡೆ. ಇಷ್ಟು ಕಂಡರೆ ಬಂಡೂರಿನದೆಂದು ಹೇಳಬಹುದು. ಅದೇ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಗಾಗಿಯೇ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವೂ ಇದೆ. ನಮ್ಮವರಿಗೆ ಬೇಕಾದದ್ದು ಅಡಿಕೆ ಬುಡಕ್ಕೂ ಕಾಫಿ ಬುಡಕ್ಕೂ ಹಾಕಲು ಹಿಕ್ಕೆ ಗೊಬ್ಬರ. ಯುಗಾದಿಯ ಮಾರನೆಯ ದಿನದ ವರ್ಷತೊಡಕಿಗೆ ಒಂದೆರಡು ಒದಗಿದರೆ ಬೇಡವೆನ್ನುವವರೂ ಇಲ್ಲ. ಬಯಲುಸೀಮೆಯ ಈ ಪ್ರಾಣಿಯನ್ನು ಮಲೆನಾಡಿನ ಮಳೆಗೆ ಹೇಗೆ ಒಗ್ಗಿಸಬೇಕೆಂಬುದು ಬೇರೆಯೇ ಲೇಖನದ ವಿಷಯ. ಕೊಂಡ ಕುರಿಯನ್ನು ಮನೆಗೆ ತರುವುದು ಹೇಗೆಂಬುದು ಈ ಸಲದ ಮಾತು.

ಜನವರಿಯಲ್ಲಿ ಮೂಡಿಗೆರೆ ಕಡೆಯ ಸದಸ್ಯರೊಬ್ಬರು ಕಚೇರಿಗೆ ಬಂದು ಒಂದು ಪ್ರಶ್ನೆ ಮುಂದಿಟ್ಟರು. ಅವರದು ಸಣ್ಣ ಹಿಡುವಳಿ. ಮನೆಯಲ್ಲಿರುವ ವಾಹನ ಒಂದು ಸಣ್ಣ ಕಾರು ಮಾತ್ರ. ಪರಿಚಯದ ಕಬ್ಬಿಣದ ಕೆಲಸದವರಿಂದ ಎರಡು ಚಕ್ರದ ಟ್ರೇಲರೊಂದನ್ನು ಮಾಡಿಸಿ, ಕಾರಿನ ಹಿಂಬದಿಗೆ ಕೊಂಡಿಯನ್ನೂ ಬೆಸೆಸಿಬಿಟ್ಟಿದ್ದರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಿ ಶಿವನಸಮುದ್ರದ ಜಲಪಾತ ತೋರಿಸಿ, ಬರುವಾಗ ಬಂಡೂರಿನಲ್ಲಿ ಒಂದು ಟಗರು, ಹತ್ತು ಕುರಿ ಹೇರಿಕೊಂಡು ಬರುವುದು ಅವರ ಯೋಚನೆ. "ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಇಷ್ಟೇ ದೊಡ್ಡ ಕಾರಿನ ಹಿಂದೆ ಕ್ಯಾರವಾನ್ ಅಂತ ಒಂದು ಮನೆಯನ್ನೇ ಎಳ್ಕೊಂಡು ತಿರುಗ್ತಾನೆ. ನನ್ನ ಕಾರು ಹನ್ನೊಂದು ಕುರಿ ಎಳೆಯೋದಿಲ್ವಾ ಸಾರ್?" ಎಂದು ಕೇಳಿದರು. ಕುರಿ ತಂದ ಮೇಲೆ ಮುಂದಿನ ವರ್ಷ ಕ್ಯಾರವಾನಿನ ಯೋಚನೆಯೂ ಅವರಿಗಿತ್ತು.

ಆ ಕ್ಷಣಕ್ಕೆ ನಾವು ಉತ್ತರ ಹೇಳಲಿಲ್ಲ. ನಮಗೆ 1996ರ ನೆನಪಾಯಿತು.

ಆಗ ನಮ್ಮ ತಂದೆಯವರ ಜೀಪಿತ್ತು, ಮಿಲಿಟರಿ ಮಾದರಿಯ ಹಳೆಯ ಟ್ರೇಲರಿತ್ತು, ನಮಗೆ ಇಪ್ಪತ್ತೈದರ ಧೈರ್ಯವಿತ್ತು. ಬಂಡೂರಿನಲ್ಲಿ ಒಂಬತ್ತು ಕುರಿ ಕೊಂಡೆವು. ಏರಿಸಿಕೊಡುತ್ತಿದ್ದ ವಯಸ್ಸಾದ ಯಜಮಾನರು ಟ್ರೇಲರನ್ನು ಒಂದು ಸುತ್ತು ಬಂದು, "ಮಧ್ಯಕ್ಕೊಂದು ಅಡ್ಡ ಹಲಗೆ ಹಾಕ್ಸಿ ಸ್ವಾಮಿ. ಕುರಿ ಎಲ್ಲ ಹಿಂದ್ಕೆ ಬಿದ್ರೆ ಮೂಕಿ ಎದ್ದೋಯ್ತದೆ" ಎಂದರು. ಎತ್ತಿನ ಗಾಡಿಯ ಮಾತು ಜೀಪಿಗೇಕೆ ಎಂದು ನಾವು ನಕ್ಕೆವು. ಕುರಿ ಹಿಡಿದುಕೊಳ್ಳಲೆಂದು ನಮ್ಮ ತೋಟದ ಹುಡುಗನೊಬ್ಬನನ್ನು ಟ್ರೇಲರಿನಲ್ಲೇ ಕೂರಿಸಿದೆವು. ಊರು ದಾಟಿ ನಾಲೆಯ ಏರಿ ಹತ್ತುವಾಗ ಕುರಿಗಳು ಹಿಂದಕ್ಕೆ ಜಾರಿ ಬಾಲದ ಹಲಗೆಗೆ ಒತ್ತಿಕೊಂಡವು, ಹೆದರಿದ ಕುರಿ ಹಾಗೇ ಅಲ್ಲೇ ನಿಲ್ಲುತ್ತದೆ. ಆಚೆ ಬದಿಯ ಇಳಿಜಾರಿನಲ್ಲಿ ಟ್ರೇಲರು ನಾಯಿ ಬಾಲ ಅಲ್ಲಾಡಿಸಿದಂತೆ ಆ ಕಡೆ ಈ ಕಡೆ ಬೀಸತೊಡಗಿತು. ನಾವು ಗಾಬರಿಯಿಂದ ಬ್ರೇಕು ಒತ್ತಿದೆವು. ಮಾಡಬಾರದ ಕೆಲಸವೆಂದರೆ ಅದೇ. ಜೀಪು ನಿಂತಿತು, ಟ್ರೇಲರು ನಿಲ್ಲಲಿಲ್ಲ. ಎರಡು ಕುರಿ ಅಲ್ಲೇ ಸತ್ತವು. ಹುಡುಗನ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಈಗ ಆತನಿಗೆ ನಲವತ್ತು ದಾಟಿದೆ, ನಮ್ಮ ತೋಟದಲ್ಲೇ ಇದ್ದಾನೆ, ಮಳೆಗಾಲ ಬಂತೆಂದರೆ ಕುಂಟುತ್ತಾನೆ. ಆತ ಒಂದು ದಿನವೂ ನಮ್ಮನ್ನು ದೂರಿಲ್ಲ. ಅದರಿಂದ ನಮ್ಮ ತಪ್ಪೇನೂ ಕಡಿಮೆಯಾಗಿಲ್ಲ.

ಆದ್ದರಿಂದ ಆ ಸದಸ್ಯರಿಗೆ, "ಮೊದಲು ತೂಗೋಣ, ಆಮೇಲೆ ಮಾತಾಡೋಣ" ಎಂದೆವು. ಅವರ ಸೋದರಳಿಯನಿಗೂ ಫೋನು ಮಾಡಿಸಿ, ಅಲ್ಲಿಯವರು ಯಾವ ಲೆಕ್ಕದ ಮೇಲೆ ಎಳೆಯುತ್ತಾರೆಂದು ಕೇಳಿಸಿದೆವು. ಆ ದೇಶದಲ್ಲಿ ಕ್ಯಾರವಾನ್ ಕಟ್ಟುವುದು ಮನಸ್ಸಿಗೆ ಬಂದಂತೆ ಮಾಡುವ ಕೆಲಸವಲ್ಲವೆಂದು ಆಗ ತಿಳಿಯಿತು. ಕಾರು ಎಷ್ಟು ತೂಕವನ್ನು ಎಳೆಯಬಹುದೆಂದು ತಯಾರಕರೇ ಬರೆದಿರುತ್ತಾರೆ, ಅದನ್ನು ಮೀರುವಂತಿಲ್ಲ. ಅದರೊಳಗೂ, ತುಂಬಿದ ಕ್ಯಾರವಾನಿನ ತೂಕ ಕಾರಿನ ಸ್ವಂತ ತೂಕದ ನೂರಕ್ಕೆ 85ನ್ನು ದಾಟದಿರಲಿ ಎಂಬುದು ಹೊಸಬರಿಗೆ ಅಲ್ಲಿಯವರು ಹೇಳುವ ಬುದ್ಧಿಮಾತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಅದರ ತೂಕ ಕಾರಿನ ತೂಕದ ಅರ್ಧವನ್ನು ಮೀರಬಾರದು, ಕಾರು ಎಷ್ಟೇ ದೊಡ್ಡದಿರಲಿ 750 ಕಿಲೋ ದಾಟಲೇಬಾರದು. ಅದು ಅಲ್ಲಿಯ ಕಾನೂನು. ಅಲ್ಲಿಯ ಕ್ಯಾರವಾನುಗಳಿಗೆ ಸಾಮಾನ್ಯವಾಗಿ ತಮ್ಮದೇ ಬ್ರೇಕು ಇರುತ್ತದೆ. ಮುಂದಿನ ಕಾರು ನಿಧಾನಿಸಿದೊಡನೆ ಹಿಂದಿನ ಗಾಡಿ ಕೊಂಡಿಯನ್ನು ಒತ್ತುತ್ತದೆ, ಆ ಒತ್ತಡದಿಂದಲೇ ಗಾಡಿಯ ಬ್ರೇಕು ಹಿಡಿಯುತ್ತದೆ. ಸೋದರಳಿಯ ಕಳಿಸಿದ ಚಿತ್ರದಲ್ಲಿ ಈ ಯಂತ್ರ ಕಾಣಿಸುವುದಿಲ್ಲ, ಕಾಣಿಸುವುದು ಕಾರು ಮತ್ತು ಅದರ ಹಿಂದಿನ ಮನೆ ಮಾತ್ರ.

ಈ ಅರ್ಧದ ಲೆಕ್ಕ ಹಳೆಯ ಜೀಪಿನವರಿಗೆ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಜೀಪು ಸುಮಾರು 1,100 ಕಿಲೋ. ಅದರ ಜೊತೆಗೆ ಬಂದ ಕಾಲು ಟನ್ನಿನ ಟ್ರೇಲರು ಖಾಲಿ ಇದ್ದಾಗ 250 ಕಿಲೋ, ಕಚ್ಚಾ ದಾರಿಯಲ್ಲಿ ಅದಕ್ಕೆ ಹೇರಬಹುದಾದದ್ದು 500 ಪೌಂಡು, ಅಂದರೆ 227 ಕಿಲೋ. ಎರಡೂ ಸೇರಿ ಜೀಪಿನ ಅರ್ಧಕ್ಕಿಂತ ಕಡಿಮೆ. ಆ ಟ್ರೇಲರಿಗೆ ಇದ್ದದ್ದು ನಿಲ್ಲಿಸುವಾಗ ಹಾಕುವ ಕೈಬ್ರೇಕು ಮಾತ್ರ, ಓಡುವಾಗಿನ ಬ್ರೇಕು ಇರಲಿಲ್ಲ. ಲೆಕ್ಕ ಹಾಕಿದವರು ಬ್ರೇಕಿಲ್ಲವೆಂಬುದನ್ನು ಮರೆಯದೆ ಹಾಕಿದ್ದರು. ನಮ್ಮ ತೋಟಗಳಲ್ಲಿ ಅದೇ ಟ್ರೇಲರಿಗೆ ಗೊಬ್ಬರದ ಮೂಟೆಯ ಮೇಲೆ ಮೂಟೆ ಹೇರಿದವರು ನಾವು.

ಒಂದು ಬೆಳಿಗ್ಗೆ ಸದಸ್ಯರ ಕಾರನ್ನೂ ಟ್ರೇಲರನ್ನೂ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದೆವು. ಕಾರು 750 ಕಿಲೋ. ಟ್ರೇಲರು ಖಾಲಿಯೇ 265 ಕಿಲೋ ಬಂತು. ಮಾಡಿಕೊಟ್ಟವರು ನೂರೈವತ್ತು ಎಂದಿದ್ದರಂತೆ. ಗಟ್ಟಿಯಿರಲೆಂದು ದಪ್ಪ ಕಬ್ಬಿಣ ಹಾಕಿದ್ದಾರೆ, ಅವರ ಉದ್ದೇಶ ಒಳ್ಳೆಯದೇ. ಇನ್ನು ಕುರಿ: ಬಲಿತ ಬಂಡೂರು ಟಗರು 35 ಕಿಲೋ ಆಸುಪಾಸು, ಹೆಣ್ಣು ಕುರಿ 24 ಕಿಲೋ ಆಸುಪಾಸು. ಒಂದು ಟಗರು, ಹತ್ತು ಕುರಿ ಸೇರಿ 275. ಮೇವು, ನೀರು, ಹಗ್ಗ, ಹೆಚ್ಚಿನ ಚಕ್ರ ಎಂದು 30. ಒಟ್ಟು 570 ಕಿಲೋ.

ನೂರಕ್ಕೆ 85ರ ಲೆಕ್ಕದಲ್ಲಿ ಇದು ಪಾಸು, ಏಕೆಂದರೆ 570 ಎಂಬುದು 750ರ ನೂರಕ್ಕೆ 76. ಸದಸ್ಯರ ಮುಖ ಅರಳಿತು. ಆದರೆ ಟ್ರೇಲರಿಗೆ ಬ್ರೇಕಿಲ್ಲ. ಅರ್ಧದ ಲೆಕ್ಕದಲ್ಲಿ ಅವರ ಕಾರಿನ ಹಿಂದೆ 375 ಕಿಲೋ ದಾಟುವಂತಿಲ್ಲ. ಖಾಲಿ ಟ್ರೇಲರನ್ನು ಕಳೆದರೆ ಉಳಿಯುವುದು 110 ಕಿಲೋ, ಅಂದರೆ ನಾಲ್ಕು ಕುರಿ. ನಾಲ್ಕು ಕುರಿಗೆ ಇಷ್ಟು ಕಬ್ಬಿಣವೇ ಎಂದು ಅವರು ಟ್ರೇಲರಿನ ಕಡೆ ನೋಡಿದರು.

ಇಲ್ಲೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಂಜಿನ್ನು ಎಳೆಯುತ್ತದೆಯೇ ಎಂದೇ ಎಲ್ಲರೂ ಕೇಳುತ್ತಾರೆ. ಎಳೆಯುತ್ತದೆ. ಒಂದನೆಯ ಗೇರಿನಲ್ಲಿ ಯಾವ ಕಾರೂ ಏನನ್ನಾದರೂ ಎಳೆದೀತು. ಕೇಳಬೇಕಾದದ್ದು ತಡೆಯುತ್ತದೆಯೇ ಎಂದು. ಹತ್ತಕ್ಕೊಂದರ ಇಳಿಜಾರಿನಲ್ಲಿ 570 ಕಿಲೋ ಟ್ರೇಲರು ಕಾರಿನ ಬೆನ್ನನ್ನು 57 ಕಿಲೋ ಭಾರದಿಂದ ಬಿಡದೆ ನೂಕುತ್ತಿರುತ್ತದೆ, ಒಂದು ಕಾಫಿ ಚೀಲಕ್ಕಿಂತ ಹೆಚ್ಚು. ಬ್ರೇಕು ಒತ್ತಿದರೆ ಕಾರಿನ ನಾಲ್ಕು ಚಕ್ರಗಳೇ ಎರಡನ್ನೂ ನಿಲ್ಲಿಸಬೇಕು. ಮೂವರು ಕೂತ ಕಾರು 960 ಕಿಲೋ ಎಂದುಕೊಂಡರೆ ಟ್ರೇಲರು ಸೇರಿ 1,530. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಒಣ ರಸ್ತೆಯ ಮೇಲೆ ಕಾರೊಂದೇ 10 ಮೀಟರಿನಲ್ಲಿ ನಿಲ್ಲುವುದಾದರೆ, ಟ್ರೇಲರು ಸೇರಿದಾಗ ಅದೇ ಬ್ರೇಕಿಗೆ 16 ಮೀಟರು ಬೇಕು. ಮನಸ್ಸಿಗೆ ಹೊಳೆದು ಕಾಲು ಒತ್ತುವಷ್ಟರಲ್ಲಿ ಹೋಗುವ ಹತ್ತು ಹನ್ನೊಂದು ಮೀಟರು ಇದರಲ್ಲಿ ಸೇರಿಲ್ಲ. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು.

ಕಾಗದದ ಲೆಕ್ಕ ಸದಸ್ಯರಿಗೆ ಒಪ್ಪಿಗೆಯಾಗಲಿಲ್ಲ. ಒಪ್ಪಬೇಕಾಗಿಯೂ ಇಲ್ಲ, ನಾವೂ ಒಪ್ಪುತ್ತಿರಲಿಲ್ಲ. ಆದ್ದರಿಂದ ಕುರಿಯ ಬದಲು 25 ಕಿಲೋದಂತೆ ಹನ್ನೊಂದು ಮರಳು ಚೀಲ ಕಟ್ಟಿಸಿ, ನಮ್ಮ ತೋಟದ ನೇರ ರಸ್ತೆಯಲ್ಲಿ ಆಳುಕಾಳುಗಳನ್ನೆಲ್ಲ ದೂರ ನಿಲ್ಲಿಸಿ, ಸುಣ್ಣದ ಗೆರೆ ಎಳೆದು ನೋಡಿದೆವು. ಕಾರಿನಲ್ಲಿ ಓಡಿಸುವವರ ಹೊರತು ಯಾರೂ ಇಲ್ಲ. ಗೆರೆಯ ಹತ್ತಿರ ಬ್ರೇಕು ಒತ್ತಿದರೆ ಕಾರೊಂದೇ ಹನ್ನೆರಡು ಮೀಟರಿಗೆ ನಿಂತಿತು. ಟ್ರೇಲರು ಕಟ್ಟಿದ ಮೇಲೆ ಇಪ್ಪತ್ತೊಂದು. ಕೊನೆಯಲ್ಲಿ ಕಾರಿನ ಹಿಂಭಾಗ ಒಂದು ಮೊಳ ಪಕ್ಕಕ್ಕೆ ಸರಿಯಿತು. ಓಡಿಸುತ್ತಿದ್ದವರು ಆ ಸದಸ್ಯರೇ. ಇಳಿದು ಬಂದು ಸುಣ್ಣದ ಗೆರೆಯಿಂದ ಚಕ್ರದವರೆಗೆ ತಾವೇ ಹೆಜ್ಜೆ ಹಾಕಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಚಾರ್ಮಾಡಿ ಘಾಟಿಯ ತಿರುವಿನ ಮಾತು ನಾವು ಎತ್ತಬೇಕಾಗಲಿಲ್ಲ, ಅವರೇ ಎತ್ತಿದರು. ನಮ್ಮ ಅಡಿಕೆ ಸದಸ್ಯರಲ್ಲಿ ಅನೇಕರ ಮನೆ ಆ ಘಾಟಿಯ ಬುಡದಲ್ಲಿದೆ.

ಈಗ ಬಂಡೂರಿನ ಯಜಮಾನರ ಮೂಕಿಯ ಮಾತಿಗೆ ಬರೋಣ. ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಅಮುಕುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹದವಾದ ಹೇರಿನಲ್ಲಿ ಮೂಕಿಭಾರ ಸ್ವಲ್ಪವೇ ಮುಂದಕ್ಕಿರಬೇಕು. ಕಾರಿನ ಹಿಂದಿನ ಟ್ರೇಲರಿಗೂ ಇದೇ ನ್ಯಾಯ. ಕೊಂಡಿಯ ಮೇಲೆ ಕೂರುವ ಭಾರ ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಐದರಿಂದ ಏಳರಷ್ಟಿರಬೇಕೆನ್ನುತ್ತಾರೆ. ನಮ್ಮ 570 ಕಿಲೋಗೆ ಅದು 29ರಿಂದ 40 ಕಿಲೋ. ಅಳೆಯುವುದು ಸುಲಭ: ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂಕಿಯ ತುದಿಯನ್ನು ಕಾರಿನ ಕೊಂಡಿಯಷ್ಟೇ ಎತ್ತರದಲ್ಲಿ ಮರದ ತುಂಡಿನ ಮೇಲಿಟ್ಟು, ಆ ತುಂಡನ್ನು ಗೋದಾಮಿನ ತಕ್ಕಡಿಯ ಮೇಲಿಡಿ. ಮರದ ತೂಕ ಕಳೆದರೆ ಮೂಕಿಭಾರ ಸಿಕ್ಕಿತು. ನಾವು ಚೀಲಗಳನ್ನು ಹದವಾಗಿಟ್ಟಾಗ 35 ಕಿಲೋ ಬಂತು. ಚೀಲಗಳನ್ನೆಲ್ಲ ಒಂದೂವರೆ ಅಡಿಗಿಂತ ಸ್ವಲ್ಪ ಕಡಿಮೆ, ಅಂದರೆ 40 ಸೆಂಟಿಮೀಟರು ಹಿಂದಕ್ಕೆ ಸರಿಸಿದೆವು. ಮೂಕಿ ತಕ್ಕಡಿಯಿಂದ ಮೇಲೆದ್ದೇ ಹೋಯಿತು.

ಇದಕ್ಕೂ ಲೆಕ್ಕವಿದೆ. ಅಚ್ಚಿನಿಂದ ಕೊಂಡಿಗೆ 2.2 ಮೀಟರು ಇರುವ ಟ್ರೇಲರಿನಲ್ಲಿ 275 ಕಿಲೋ ಭಾರ 40 ಸೆಂಟಿಮೀಟರು ಹಿಂದೆ ಹೋದರೆ ಮೂಕಿಭಾರ 50 ಕಿಲೋ ಕಡಿಮೆಯಾಗುತ್ತದೆ. ಇದ್ದ 35 ಹೋಗಿ, ಇನ್ನೂ 15 ಕಿಲೋದಷ್ಟು ಕಾರಿನ ಹಿಂಭಾಗವನ್ನೇ ಮೇಲಕ್ಕೆತ್ತುತ್ತದೆ. ಹಿಂದಿನ ಚಕ್ರ ಹಗುರಾದ ಕಾರು, ಬಾಲ ಭಾರವಾದ ಟ್ರೇಲರು: ಬೀಸುವುದಕ್ಕೆ ಇನ್ನೇನು ಬೇಕು? ಮರಳು ಚೀಲ ಇಟ್ಟಲ್ಲಿ ಇರುತ್ತದೆ, ಗೊಬ್ಬರದ ಮೂಟೆಯೂ ಇರುತ್ತದೆ. ಕುರಿ ಇರುವುದಿಲ್ಲ. ಒಂದು ಸರಿದರೆ ಎಲ್ಲವೂ ಸರಿಯುವುದು ಅದರ ಜಾತಿಗುಣ. ಯಜಮಾನರು ಕೇಳಿದ್ದು ಒಂದು ಅಡ್ಡ ಹಲಗೆ. ಅದರಿಂದ ಅರ್ಧ ಕುರಿಗಳು ಅಚ್ಚಿನ ಮುಂದೆಯೇ ಉಳಿಯುತ್ತಿದ್ದವು. 1996ರಲ್ಲಿ ಅದಕ್ಕೆ ತಗಲುತ್ತಿದ್ದದ್ದು ಹತ್ತು ನಿಮಿಷ.

ಟ್ರೇಲರು ಬೀಸತೊಡಗಿದರೆ ಮಾಡಬೇಕಾದದ್ದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟಿಯರಿಂಗನ್ನು ನೇರ ಹಿಡಿಯಿರಿ, ಬೀಸಿನ ವಿರುದ್ಧ ತಿರುಗಿಸಲು ಹೋಗಬೇಡಿ, ಬ್ರೇಕನ್ನು ಜೋರಾಗಿ ಒತ್ತಬೇಡಿ, ತಾನಾಗಿ ವೇಗ ಇಳಿಯಲಿ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ. ಟ್ರೇಲರಿನಲ್ಲಿ ಮನುಷ್ಯರನ್ನು ಎಂದೂ ಕೂರಿಸಬೇಡಿ.

ಕೊಂಡಿಯ ವಿಷಯ. ಹಳೆಯ ಜೀಪಿಗೆ ಕೆಳಗೆ ಬೇರೆಯದೇ ಚಾಸಿ ಇದೆ, ಕೊಂಡಿಯನ್ನು ಅದಕ್ಕೆ ಹಾಕುತ್ತೇವೆ. ಈಗಿನ ಸಣ್ಣ ಕಾರಿಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಅದರ ಚಾಸಿ. ನಮ್ಮ ಸದಸ್ಯರ ಕೊಂಡಿಯನ್ನು ಬಂಪರಿನ ಒಳಗಿನ ಪಟ್ಟಿಗೆ ಬೆಸೆದಿದ್ದರು. ಮೂರು ಸಲ ಬ್ರೇಕು ಒತ್ತಿ ನೋಡಿದ ಮೇಲೆ ಬಗ್ಗಿ ಟಾರ್ಚು ಬಿಟ್ಟರೆ, ಬೆಸುಗೆಯ ಪಕ್ಕದ ತಗಡಿನಲ್ಲಿ ಕೂದಲಿನಷ್ಟು ಬಿರುಕು. ಕೊಂಡಿ ಕಳಚಿದರೆ ಹಿಡಿದುಕೊಳ್ಳಲು ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಕಟ್ಟಬೇಕು. ಅದೂ ಇರಲಿಲ್ಲ. ಕಾರಿನ ಜೊತೆ ಬರುವ ಕೈಪಿಡಿಯನ್ನು ಕೊಂಡ ದಿನವೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಹಾಕಿ ಮುಚ್ಚುವ ಪದ್ಧತಿ ನಮ್ಮಲ್ಲಿದೆ. ತೆಗೆದು ಓದಿರಿ. ಟ್ರೇಲರು ಎಳೆಯಲು ಈ ಕಾರನ್ನು ಮಾಡಿಲ್ಲವೆಂದು ಅದರಲ್ಲಿ ಬರೆದಿದ್ದರೆ ಮುಂದಿನ ಲೆಕ್ಕವೆಲ್ಲ ಅನವಶ್ಯಕ.

ಕಾನೂನು ನಮ್ಮಲ್ಲೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 61ನೆಯ ಕಲಮಿನಂತೆ ಟ್ರೇಲರಿಗೂ ನೋಂದಣಿ ಬೇಕು. ತಯಾರಕರು ಕೊಟ್ಟ ವಾಹನವನ್ನು ಮನಬಂದಂತೆ ಬದಲಾಯಿಸುವುದನ್ನು 52ನೆಯ ಕಲಮು ತಡೆಯುತ್ತದೆ. ನೋಂದಣಿಯಿಲ್ಲದ ಟ್ರೇಲರು ಕಟ್ಟಿದ ಕಾರಿನಿಂದ ಅಪಘಾತವಾದರೆ ವಿಮೆಯವರ ಮುಂದೆ ನೀವು ಏನು ಹೇಳುವಿರಿ ಎಂದು ಸದಸ್ಯರನ್ನು ಕೇಳಿದೆವು. ಇದಲ್ಲದೆ ಕುರಿ ಸಾಗಿಸಲು 1978ರ ಪ್ರಾಣಿಗಳ ಸಾಗಣೆ ನಿಯಮಗಳಿವೆ, ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು.

ಇನ್ನು ಕ್ಯಾರವಾನ್. ಇಬ್ಬರು ಮಲಗುವ ಸಾಧಾರಣ ಕ್ಯಾರವಾನು ಸಾಮಾನು ತುಂಬಿದಾಗ ಒಂದು ಟನ್ನಿನ ಹತ್ತಿರ ಬರುತ್ತದೆ, 750 ಕಿಲೋ ಕಾರಿಗೆ ಅದು ಮಾತೇ ಅಲ್ಲ. ಮೇಲಾಗಿ ಅದರ ಮೈ ಎತ್ತರ, ಅಡ್ಡಗಾಳಿ ಬೀಸಿದರೆ ಅಥವಾ ಬಸ್ಸೊಂದು ರಭಸದಿಂದ ಪಕ್ಕದಲ್ಲಿ ಹಾದುಹೋದರೆ ಗೋಡೆಯಂತೆ ಗಾಳಿಗೆ ಸಿಗುತ್ತದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ತಂದ ಮೇಲೆ ನಮ್ಮ ತೋಟದವರಲ್ಲೂ ಹಲವರಿಗೆ ಆಸೆ ಹುಟ್ಟಿದೆ. ನಮ್ಮ ಕಡೆ ಬಾಡಿಗೆಗೆ ಸಿಗುವವು ಹೆಚ್ಚಾಗಿ ಇಂಜಿನ್ನೂ ಮನೆಯೂ ಒಂದೇ ಮೈಯಲ್ಲಿರುವ ವ್ಯಾನುಗಳು. ಅವಕ್ಕೆ ಮೂಕಿಯ ತಾಪತ್ರಯವಿಲ್ಲ. ತೋಟಕ್ಕೆ ಬರುವ ಅತಿಥಿಗಳಿಗಾಗಿ ಯೋಚಿಸುವವರು ಅದನ್ನು ನೋಡಬಹುದು.

ಫೆಬ್ರವರಿಯಲ್ಲಿ ಬಂಡೂರಿಗೆ ಹೋದೆವು. ಸದಸ್ಯರ ಸಂಸಾರ ಕಾರಿನಲ್ಲಿ, ಹಿಂದೆ ಏನೂ ಇಲ್ಲದೆ, ಶಿವನಸಮುದ್ರಕ್ಕೆ ಹೋಗಿ ಬಂತು. ನಾವಿಬ್ಬರು ಜೀಪಿನಲ್ಲಿ ಊರೊಳಗೆ ಹೋದೆವು. 1996ರ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಮಗ ಈಗ ಕುರಿ ಸಾಕುತ್ತಾರೆ. ಗುರುತು ಹೇಳಿದೊಡನೆ, "ಓ, ಟ್ರೇಲರು ಮಗುಚಿದ್ರಲ್ಲಾ, ಅವರಾ?" ಎಂದರು. ಊರು ಮರೆತಿರಲಿಲ್ಲ. ಟಗರಿನ ಬೆಲೆಗೆ ಬಹಳ ಹೊತ್ತು ಚೌಕಾಸಿಯಾಯಿತು. ವರ್ಷತೊಡಕು ಹತ್ತಿರ ಬರುತ್ತಿದ್ದುದರಿಂದ ಅವರು ಬಿಗಿಯಾಗಿದ್ದರು. ಕೊನೆಗೆ ಟಗರು, ಹತ್ತು ಕುರಿ ಗೊತ್ತಾಗಿ, ಅಂಚಿಗೆ ಎತ್ತರದ ಕಂಬಿ ಇರುವ ಬಾಡಿಗೆಯ ಸಣ್ಣ ಗೂಡ್ಸ್ ಗಾಡಿಯಲ್ಲಿ ಹುಲ್ಲು ಹಾಸಿ ಏರಿಸಿದೆವು. ಆ ಮಗನೇ ಒಂದು ಹಲಗೆ ತಂದು ಮಧ್ಯಕ್ಕೆ ಅಡ್ಡ ಕಟ್ಟಿದರು. ಗೂಡ್ಸ್ ಗಾಡಿಗೆ ಮೂಕಿ ಇಲ್ಲ, ಆದರೂ ನಾವು ಬೇಡವೆನ್ನಲಿಲ್ಲ. ಬನ್ನೂರು, ಮೈಸೂರು, ಹಾಸನದ ಮೇಲೆ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದವು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ನೀರು ಕೊಟ್ಟೆವು. ಹನ್ನೊಂದೂ ಚೆನ್ನಾಗಿವೆ.

ಬಾಡಿಗೆ ಕೊಟ್ಟದ್ದು ಸದಸ್ಯರಿಗೆ ಇನ್ನೂ ಸಂಕಟ. ಕೊಂಡಿಗೆ, ಟ್ರೇಲರಿಗೆ ಹಾಕಿದ ಹಣ ಬೇರೆ. ಕೊಂಡಿಯನ್ನು ಕತ್ತರಿಸಿ ತೆಗೆಸಿದ್ದಾರೆ. ಟ್ರೇಲರನ್ನು ನಮ್ಮ ಜೀಪಿಗೆ ಹೊಂದಿಸಿ, ಅದಕ್ಕೆ ಒತ್ತಡದ ಬ್ರೇಕು ಹಾಕಿಸಿ, ನೋಂದಣಿ ಮಾಡಿಸಲು ಆದೀತೇ ಎಂದು ಸಾರಿಗೆ ಕಚೇರಿಯಲ್ಲಿ ವಿಚಾರಿಸುತ್ತಿದ್ದೇವೆ. ಅಲ್ಲಿಯವರೆಗೆ ಅದು ಅವರ ಕಣದ ಮೂಲೆಯಲ್ಲಿ ಗೊಬ್ಬರದ ಚೀಲ ಹೊತ್ತು ನಿಂತಿದೆ.

ಮನೆಯಲ್ಲಿ ಟ್ರೇಲರು ಇರುವ ಸದಸ್ಯರು ಮೂಕಿಭಾರ ನೋಡಿಕೊಳ್ಳಲು ಸಂಘದ ಗೋದಾಮಿನ ತಕ್ಕಡಿಯನ್ನು ಖರೀದಿ ಇಲ್ಲದ ದಿನಗಳಲ್ಲಿ ಬಳಸಬಹುದು. ಶುಲ್ಕವಿಲ್ಲ. ಮರದ ತುಂಡನ್ನು ತಾವೇ ತರಬೇಕು.